ಫೋಟೋ ಹಳೆಯದು ಮಾಡುತ್ತಿದ್ದ ಕಾಕಾ

ಗ್ಯಾಸಿನ ಪುಸ್ತಕ ಹುಡುಕುತ್ತ ಬೀರುವಿನ ತಳಕ್ಕೆ ಕೈ ಹಾಕಿದಾಗ ಒಂದು ಸಣ್ಣ ಲಕೋಟೆ ಸಿಕ್ಕಿತು. ಒಳಗೆ ಎಂಟು ಪಾಸ್‌ಪೋರ್ಟ್ ಫೋಟೋ, ಎಂಟೂ ನನ್ನವೇ. ಮೂಗಿನ ಹತ್ತಿರ ಹಿಡಿದರೆ ಪ್ರಿಂಟರ್ ಶಾಯಿಯ ಹುಳಿ ವಾಸನೆ ಇನ್ನೂ ಇತ್ತು. ಫೋಟೋದಲ್ಲಿ ನಾನು ನೆಟ್ಟಗೆ ಕೂತಿದ್ದೇನೆ. ನೋಡಿದವರು ರೈಲ್ವೆ ಪಾಸಿಗೆ ತೆಗೆಸಿಕೊಂಡದ್ದು ಅಂದುಕೊಂಡಾರು. ಅದನ್ನು ತೆಗೆಯುವಾಗ ಕ್ಯಾಮೆರಾದ ಹಿಂದೆ ಇಬ್ಬರು ಗಂಡಸರು ನಿಂತಿದ್ದರು. ಅಂಗಡಿಯ ಶಟರನ್ನು ಒಳಗಿನಿಂದ ಎಳೆದಿದ್ದರು. ನನ್ನ ಫೋನ್ ಅವರಲ್ಲೊಬ್ಬನ ಕೈಯಲ್ಲಿತ್ತು.

ಮೂರು ವರ್ಷವಾಯಿತು. ಅದರಲ್ಲಿ ಒಂದನ್ನೂ ಬಳಸಿಲ್ಲ, ಹರಿದು ಹಾಕಲೂ ಆಗಿಲ್ಲ...

ಆ ಫೋಟೋ ತೆಗೆದವರು ಕಾಶಿಯ ಸೋನಾರ್‌ಪುರದ ಸ್ಟುಡಿಯೋ ಕಾಕಾ. ಅವರ ಹೆಸರು ಬೋರ್ಡಿನ ಮೇಲೆಯೇ ಇತ್ತು, ಆದರೆ ಕೇದಾರ ಘಾಟಿನ ಕನ್ನಡದವರಿಗೆಲ್ಲ ಅವರು ಬರೀ ಕಾಕಾ. ಅವರ ಅಜ್ಜ ವಿಜಯಪುರದ ಕಡೆಯಿಂದ ಇಲ್ಲಿಯ ಮಠವೊಂದರ ಕೆಲಸಕ್ಕೆ ಬಂದವರು, ವಾಪಸ್ ಹೋಗಲಿಲ್ಲ. ಅಪ್ಪ ಸ್ಟುಡಿಯೋ ಇಟ್ಟರು. ಕಾಕಾ ಹುಟ್ಟಿ ಬೆಳೆದದ್ದು ಕಾಶಿಯಲ್ಲೇ. ಕರ್ನಾಟಕವನ್ನು ಎರಡು ಸಲ ನೋಡಿದ್ದರಂತೆ. ಮಾತು ಮಾತ್ರ ಅಜ್ಜನದು, ನಡುನಡುವೆ ಹಿಂದಿ ಸೇರಿಕೊಂಡಿರುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲೇ ಒಬ್ಬರೇ ಇರುತ್ತಿದ್ದರು.

ಅವರ ಹತ್ತಿರ ಬರುತ್ತಿದ್ದವರಲ್ಲಿ ಹೆಚ್ಚಿನವರು ಮಣಿಕರ್ಣಿಕಾಕ್ಕೆ ಹೋಗಿ ಬಂದ ನಮ್ಮ ಕಡೆಯ ಜನ. ತೀರಿಕೊಂಡವರ ಫೋಟೋ ಅಂತ ಅವರ ಬಳಿ ಇರುತ್ತಿದ್ದದ್ದು ಫೋನಿನೊಳಗಿನದು. ಯಾವುದೋ ಮದುವೆಯಲ್ಲಿ ಎಲೆಯ ಮುಂದೆ ಕೂತದ್ದು, ಮೊಮ್ಮಗಳ ಪಕ್ಕದಲ್ಲಿ ಅರೆಗಣ್ಣು ಮುಚ್ಚಿದ್ದು. ಕಾಕಾ ಅದನ್ನು ಕಂಪ್ಯೂಟರಿಗೆ ಹಾಕಿ ಸುತ್ತಲಿನ ಗದ್ದಲ ಅಳಿಸುತ್ತಿದ್ದರು. ಬಣ್ಣ ಇಳಿಸಿ ತಿಳಿಗಂದು ಏರಿಸುತ್ತಿದ್ದರು. ಅಂಚನ್ನು ಮಬ್ಬು ಮಾಡಿ ಅಲ್ಲೊಂದು ಗೀರು, ಇಲ್ಲೊಂದು ನೀರಿನ ಕಲೆ ಕೂರಿಸಿದರೆ ಮುಗಿಯಿತು, ಮೊನ್ನೆ ತೀರಿಕೊಂಡವರು ಐವತ್ತು ವರ್ಷದ ಹಿಂದಿನವರಾಗುತ್ತಿದ್ದರು. ಯಾಕೆ ಹೀಗೆ ಅಂತ ಒಮ್ಮೆ ಕೇಳಿದ್ದೆ.

"ನಿನ್ನೆ ಹ್ವಾದವರನ್ನ ನೋಡಲಿಕ್ಕೆ ಆಗೂದಿಲ್ರಿ ಮೇಡಮ್ಮಾರ," ಅಂದಿದ್ದರು. "ಭಾಳ ಹಿಂದಿನವರು ಅಂತ ಕಣ್ಣಿಗೆ ಅನಿಸಿದ್ರ ಗ್ವಾಡಿಗೆ ಹಾಕ್ಕೊಳ್ಳಲಿಕ್ಕೆ ಧೈರ್ಯ ಬರ್ತದ."

ಆ ಮಾತು ನನಗೆ ಹಿಡಿಸಿತು. ಆದರೆ ಆ ಮನುಷ್ಯನ ಮೇಲೆ ನಂಬಿಕೆ ಹುಟ್ಟಲಿಲ್ಲ. ಕಾಲು ಗಂಟೆಯಲ್ಲಿ ಐವತ್ತು ವರ್ಷ ಹುಟ್ಟಿಸಬಲ್ಲವರು ಇನ್ನೇನನ್ನು ಹುಟ್ಟಿಸಿಯಾರು ಅಂತ ಅನ್ನಿಸುತ್ತಿತ್ತು. ಸ್ಕ್ರೀನಿನ ಬದಿಯಲ್ಲಿ ಒಂದರ ಕೆಳಗೊಂದು ಪದರಗಳ ಪಟ್ಟಿ ಇರುತ್ತಿತ್ತು. ಪ್ರತಿಯೊಂದರ ಎದುರು ಪುಟ್ಟ ಕಣ್ಣಿನ ಗುರುತು. ಅದನ್ನು ಒತ್ತಿದರೆ ಕಲೆ ಮಾಯ, ಮತ್ತೆ ಒತ್ತಿದರೆ ಹಾಜರು. ಬಂದವರ ಫೋಟೋಗಳದೆಲ್ಲ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಿದ್ದರು. ಯಾಕೆ ಅಂದರೆ ಇರಲಿ ಅಂತ ಅನ್ನುತ್ತಿದ್ದರು.

ಇನ್ನೊಂದು ಕೆಲಸವೂ ಇತ್ತು. ಗಂಡ ಹೆಂಡತಿ ಒಟ್ಟಿಗಿರುವ ಫೋಟೋ ಇಲ್ಲದವರಿಗೆ, ಎರಡು ಬೇರೆ ಫೋಟೋಗಳಿಂದ ಜೋಡಿಸಿ ಕೊಡುತ್ತಿದ್ದರು. ಇಬ್ಬರ ಮುಖದ ಮೇಲೂ ಬೆಳಕು ಒಂದೇ ಕಡೆಯಿಂದ ಬೀಳಬೇಕು ಅನ್ನುವುದು ಅವರ ಹಟ. ಬೀಳದಿದ್ದರೆ ಒಬ್ಬರನ್ನು ಎಡಬಲ ಮಗುಚುತ್ತಿದ್ದರು. ಒಂದು ಸಲ ಹಾಸನದ ಕಡೆಯ ಮುದುಕಿಯೊಬ್ಬಳ ಮೂಗುಬೊಟ್ಟು ಹೀಗೆ ಆಚೆ ಹೊಳ್ಳೆಗೆ ಹೋಗಿ, ಮಗಳು ಅಂಗಡಿಯಲ್ಲೇ ಜಗಳ ತೆಗೆದಿದ್ದಳು. ಕಾಕಾ ಕೈ ಮುಗಿದು ಮತ್ತೆ ಮಾಡಿಕೊಟ್ಟಿದ್ದರು. ನಾನು ಅಲ್ಲೇ ಬೆಂಚಿನ ಮೇಲಿದ್ದೆ.

ನಾನು ಬಾಡಿಗೆಗಿದ್ದದ್ದು, ಈಗಲೂ ಇರುವುದು, ಕೇದಾರ ಘಾಟಿನ ಒಂದು ಓಣಿಯ ಹಳೇ ಮನೆಯ ಮೇಲಿನ ಕೋಣೆಯಲ್ಲಿ. ತುಮಕೂರಿನಿಂದ ರೈಲ್ವೆ ಕಚೇರಿಗೆ ವರ್ಗವಾಗಿ ಬಂದಾಗ ಯಾರೋ ಈ ವಿಳಾಸ ಕೊಟ್ಟಿದ್ದರು. ಕೆಳಗಿನ ಹಜಾರದಲ್ಲಿ ಕರ್ನಾಟಕದಿಂದ ಬಂದವರು ತಿಥಿ, ಪಿಂಡದ ಕಾರ್ಯ ಮಾಡಿಸುತ್ತಾರೆ. ಅವರಿಗೆಲ್ಲ ಅಡುಗೆ ಮಾಡುವವರು ಮನೆಯ ಒಡತಿಯೇ. ಗಂಡ ಇಲ್ಲ, ಮಕ್ಕಳಿಲ್ಲ. ನಾನು ಅವರನ್ನು ದೊಡ್ಡಮ್ಮ ಅನ್ನುತ್ತೇನೆ. ಹಜಾರದ ಗೋಡೆಯ ಮೇಲೆ ಅವರ ಮಾವನವರ ಒಂದೇ ಒಂದು ಫೋಟೋ ಇತ್ತು. ಮಾವನವರು ಪುರೋಹಿತರು, ಈ ಮನೆ ಕೊಂಡವರು. ಬರಿಮೈಯ ಮೇಲೆ ಜನಿವಾರ, ಮಡಿಲಲ್ಲಿ ಜೋಡಿಸಿಟ್ಟ ಕೈ. ಥಂಡಿ ಹಿಡಿದು ಮೂಲೆಯಲ್ಲಿ ಹುಳ ತಿಂದಿತ್ತು. ಸ್ಟುಡಿಯೋದವರಿಗೆ ಕೊಟ್ಟು ಸರಿ ಮಾಡಿಸಿ ತಾರೆ ಅಂತ ದೊಡ್ಡಮ್ಮ ಒಂದು ಬೆಳಿಗ್ಗೆ ಅದನ್ನು ಮೊಳೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟರು.

ಕೊಟ್ಟು ಬಂದವಳು ನಾನೇ. ಇದನ್ನು ಮರೆಯಲು ಆಗುವುದಿಲ್ಲ.

ಅದೇ ದಿನಗಳಲ್ಲಿ ಮನೆಗೆ ಒಬ್ಬರು ಬರತೊಡಗಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪೇಡೆಯ ಪೊಟ್ಟಣ, ಬಾಯಿತುಂಬ ಮಾತಾಜಿ. ನಿಮ್ಮ ಮಾವನವರು ತಮಗೆ ಮಗ ಹುಟ್ಟುವ ಮೊದಲು ನನ್ನ ತಂದೆಯನ್ನು ದತ್ತು ತೆಗೆದುಕೊಂಡಿದ್ದರು, ಹಾಗಾಗಿ ಮನೆಯಲ್ಲಿ ಅರ್ಧ ನಮ್ಮದು ಅಂತ ಅವರ ವಾದ. ಅರ್ಧ ಅಂದರೆ ಪೂರ್ತಿ ಅಂತಲೇ ಅರ್ಥ. ಘಾಟಿನ ಪಕ್ಕದ ಮನೆಗಳು ಒಂದೊಂದಾಗಿ ಹೋಟೆಲಾಗುತ್ತಿರುವುದನ್ನು ನಾವು ನೋಡುತ್ತಲೇ ಇದ್ದೆವು. ದೊಡ್ಡಮ್ಮ ನನಗೇನೂ ಗೊತ್ತಿಲ್ಲಪ್ಪಾ ಅಂದರು. ದತ್ತು ತೆಗೆದುಕೊಂಡ ದಿನದ ಫೋಟೋ ಇದೆ, ಮುಂದಿನ ವಾರ ತರುತ್ತೇನೆ ಅಂತ ಹೇಳಿ ಆತ ಹೋದರು.

ಎರಡು ದಿನ ಬಿಟ್ಟು ಮಾವನವರ ಫೋಟೋ ತರಲು ಸ್ಟುಡಿಯೋಗೆ ಹೋದೆ. ಮಧ್ಯಾಹ್ನ. ರಸ್ತೆಯಲ್ಲಿ ಇ-ರಿಕ್ಷಾಗಳ ಕಿರುಚಾಟ. ತರ್ತೀನಿ ಕೂಡ್ರಿ ಅಂತ ಕಾಕಾ ಹಿಂದಿನ ಕೋಣೆಗೆ ಹೋದರು. ಕಂಪ್ಯೂಟರ್ ತೆರೆದೇ ಇತ್ತು.

ಸ್ಕ್ರೀನಿನಲ್ಲಿ ಮಾವನವರಿದ್ದರು. ಒಬ್ಬರೇ ಅಲ್ಲ. ಅವರ ತೊಡೆಯ ಮೇಲೆ ಐದಾರು ವರ್ಷದ ಹುಡುಗ. ಪಕ್ಕದಲ್ಲಿ ಇನ್ನೊಬ್ಬ ಪುರೋಹಿತ, ಮುಂದೆ ಹೋಮದ ಹೊಗೆ. ಇಡೀ ಚಿತ್ರ ಕಂದಾಗಿ, ನಡುವೆ ಮಡಿಕೆ ಬಿದ್ದು, ಅಂಚು ಸವೆದು, ಪೆಟ್ಟಿಗೆಯಲ್ಲಿ ಎಷ್ಟೋ ಕಾಲ ಇದ್ದದ್ದರ ಹಾಗೆ ಕಾಣುತ್ತಿತ್ತು. ನನಗೆ ಏನು ತೋಚಿತೋ, ಮೌಸ್ ಹಿಡಿದು ಬದಿಯ ಪಟ್ಟಿಯ ಮೊದಲ ಕಣ್ಣನ್ನು ಒತ್ತಿದೆ. ಕಲೆಗಳು ಹೋದವು. ಎರಡನೆಯದನ್ನು ಒತ್ತಿದೆ, ಮಡಿಕೆ ಹೋಯಿತು. ಮೂರನೆಯದಕ್ಕೆ ಹುಡುಗನೂ ಪುರೋಹಿತರೂ ಒಟ್ಟಿಗೇ ಮಾಯವಾದರು. ಮಾವನವರು ಖಾಲಿ ಮಡಿಲಿನಲ್ಲಿ ಕೈ ಜೋಡಿಸಿಕೊಂಡು ನನ್ನನ್ನೇ ನೋಡುತ್ತಿದ್ದರು.

ತಲೆಯೆತ್ತಿದಾಗ ಕಾಕಾ ಬಾಗಿಲಲ್ಲಿ ನಿಂತಿದ್ದರು, ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಫೋಟೋ. ಕೋಪ ಮಾಡಿಕೊಳ್ಳಲಿಲ್ಲ. ಬಂದು ಪದರಗಳನ್ನೆಲ್ಲ ಮತ್ತೆ ಹಚ್ಚಿದರು. ಯಾರು ಮಾಡಿಸುತ್ತಿದ್ದಾರೆ, ಯಾಕೆ ಒಪ್ಪಿಕೊಂಡಿರಿ ಅಂತ ಕೇಳಿದೆ. ಅವರು ಬಾಯಿ ತೆರೆಯುವಷ್ಟರಲ್ಲಿ ಇಬ್ಬರು ಒಳಗೆ ಬಂದರು. ಒಬ್ಬನ ಕೈಯಲ್ಲಿ ಹೆಲ್ಮೆಟ್. ಇನ್ನೊಬ್ಬ ಹಿಂದಿರುಗಿ ನೋಡದೆ ಶಟರ್ ಎಳೆದ. ರಸ್ತೆಯ ಸದ್ದು ಒಮ್ಮೆಗೇ ದೂರವಾಯಿತು.

ಹೆಲ್ಮೆಟ್‌ನವನು ಒಂದು ಸ್ಟಾಂಪ್ ಪೇಪರನ್ನು ಟೇಬಲ್ಲಿನ ಮೇಲೆ ಇಟ್ಟ. ಹಳೆಯ ಅಸಲು ಫೋಟೋವನ್ನು ಕಣ್ಣಾರೆ ನೋಡಿ ಅದರಿಂದಲೇ ಈ ನಕಲು ತೆಗೆದಿದ್ದೇನೆ ಅಂತ ಕಾಕಾ ಅದರಲ್ಲಿ ಸಹಿ ಹಾಕಬೇಕಿತ್ತು. ಆಮೇಲೆ ನನ್ನನ್ನು ನೋಡಿದ. ಇವರು ಯಾರು ಅಂತ ಕೇಳಿದ. ನನ್ನ ಕೈಯಿಂದ ಫೋನನ್ನು, ಕೊಟ್ಟದ್ದನ್ನು ತೆಗೆದುಕೊಳ್ಳುವಷ್ಟು ಮೆತ್ತಗೆ, ತೆಗೆದುಕೊಂಡ.

ಕಾಕಾ ಹಿಂದಿಯಲ್ಲಿ, ರೈಲ್ವೆ ಕ್ವಾರ್ಟರ್ಸಿನ ಮೇಡಂ, ಪಾಸಿಗೆ ಫೋಟೋ ಬೇಕಂತೆ, ಐದು ನಿಮಿಷ, ತೆಗೆದು ಕಳಿಸಿಬಿಡುತ್ತೇನೆ ಅಂದರು. ಪೇಪರಿನ ಕಟ್ಟನ್ನು ಕಾಲಿನಿಂದ ಟೇಬಲ್ಲಿನ ಕೆಳಗೆ ತಳ್ಳಿದರು. ನನ್ನನ್ನು ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಲೈಟು ಹಾಕಿ, ಕ್ಯಾಮೆರಾದ ಹಿಂದೆ ನಿಂತು, ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಕನ್ನಡದಲ್ಲಿ ಮಾತಾಡಿದರು.

"ಗದ್ದ ಮ್ಯಾಲ ಮಾಡ್ರಿ. ಇವರಿಗೆ ನಮ್ಮ ಮಾತು ತಿಳಿಯೂದಿಲ್ಲ. ಎಡ ಭುಜ ಸ್ವಲ್ಪ ಮ್ಯಾಲ. ಹೊರಗ ಹ್ವಾದ ಮ್ಯಾಲ ಓಡಬ್ಯಾಡ್ರಿ, ಸೀದಾ ಮನೀಗೂ ಹೋಗಬ್ಯಾಡ್ರಿ. ಎಡ ಭುಜ, ಮೇಡಮ್ಮಾರ, ಎಡ ಭುಜ. ಹಾಂ... ನಗಬ್ಯಾಡ್ರಿ."

ಫ್ಲ್ಯಾಶ್ ಹೊಳೆಯಿತು. ಪ್ರಿಂಟರ್ ಅಷ್ಟು ನಿಧಾನ ಅಂತ ನನಗೆ ಗೊತ್ತಿರಲಿಲ್ಲ. ಹೆಲ್ಮೆಟ್‌ನವನು ನನ್ನ ಫೋನಿನ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಿದ್ದ. ಅದರಲ್ಲಿ ದೊಡ್ಡಮ್ಮನ ಹಜಾರದ ಫೋಟೋ ಇದೆಯೇ, ಹಬ್ಬದ ದಿನ ತೆಗೆದದ್ದು ಅಳಿಸಿದ್ದೇನೆಯೇ ಅಂತ ನೆನಪು ಮಾಡಿಕೊಳ್ಳುತ್ತ ಕೂತೆ. ಕಾಕಾ ಎಂಟು ಫೋಟೋಗಳನ್ನು ಕತ್ತರಿಸಿ ಅಂಚು ಸಮ ಮಾಡಿ ಲಕೋಟೆಗೆ ಹಾಕಿದರು. ಹೆಲ್ಮೆಟ್‌ನವನು ಫೋನ್ ವಾಪಸ್ ಕೊಟ್ಟು ನಮಸ್ತೇಜಿ ಅಂದ. ಇನ್ನೊಬ್ಬ ಶಟರನ್ನು ನನ್ನ ಸೊಂಟದ ಮಟ್ಟಕ್ಕೆ ಎತ್ತಿದ. ಬಗ್ಗಿ ಹೊರಗೆ ಬಂದೆ. ಹಿಂದೆಯೇ ಶಟರ್ ಬಿತ್ತು.

ಕಾಕಾ ಹೇಳಿದ ಹಾಗೆ ಓಡಲಿಲ್ಲ. ಸ್ಟೇಷನ್ ಕಡೆಯ ಇ-ರಿಕ್ಷಾ ಹತ್ತಿ, ಅಲ್ಲಿ ಇಳಿದು, ಇನ್ನೊಂದು ಹತ್ತಿ, ಸಂಜೆ ಮನೆ ಸೇರಿದೆ. ಫೋಟೋ ಇನ್ನೂ ಆಗಿಲ್ಲವಂತೆ ಅಂತ ದೊಡ್ಡಮ್ಮನಿಗೆ ಸುಳ್ಳು ಹೇಳಿದೆ. ಕಾಕಾ ಸಹಿ ಹಾಕಿದರೋ ಇಲ್ಲವೋ ತಿಳಿಯದು. ಅವರೂ ಆ ಗುಂಪಿನವರೇ ಆಗಿದ್ದು, ಶಟರಿನ ಹಿಂದೆ ಮೂವರೂ ಸೇರಿ ನಗುತ್ತಿರಬಹುದು ಅಂತಲೂ ಅನ್ನಿಸಿತು. ನನ್ನನ್ನು ಉಳಿಸಿದರು ಅನ್ನುವುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ಯಾಕೆ ಉಳಿಸಿದರು ಅನ್ನುವುದರಲ್ಲಿತ್ತು. ಆ ವಾರ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಚಿಲಕ ನೋಡುತ್ತಿದ್ದೆ.

ದತ್ತಿನ ಫೋಟೋ ತರುತ್ತೇನೆ ಅಂದವರು ಹೇಳಿದ ದಿನಕ್ಕೇ ಬಂದರು. ಬಿಳಿ ಅಂಗಿಯವರ ಜೊತೆ ಹೆಲ್ಮೆಟ್‌ನವನೂ ಇದ್ದ. ದೊಡ್ಡಮ್ಮ ಓಣಿಯ ಇಬ್ಬರು ಹಿರಿಯ ಪುರೋಹಿತರನ್ನು ಕರೆಸಿದ್ದರು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಅಸಲು ಬ್ಯಾಂಕ್ ಲಾಕರಿನಲ್ಲಿದೆ, ಇದು ಅದರ ನಕಲು, ಸ್ಟುಡಿಯೋದವರು ಬರೆದುಕೊಡುತ್ತಾರೆ ಅಂತ ಹೇಳಿ ಫೋಟೋ ದೊಡ್ಡಮ್ಮನ ಕೈಗಿಟ್ಟರು. ದೊಡ್ಡಮ್ಮ ಅದನ್ನು ನೋಡಿ ಕಣ್ಣಿಗೊತ್ತಿಕೊಂಡರು. ಆ ಮುಖವನ್ನು ಅವರು ದಿನಾ ನೋಡಿದವರು. ಕಂದು ಬಣ್ಣ, ಮಡಿಕೆ, ಕಲೆ... ಅವರು ನಂಬಿದರು.

"ಮಾವನೋರೇ," ಅಂದರು ಮೆಲ್ಲಗೆ. "ಯಾರಿಗೂ ಹೇಳ್ದೆ ಮಾಡಿದ್ರಲ್ಲ."

ಅವರು ಹೂಂ ಅಂದುಬಿಡುತ್ತಾರೆ, ಈ ಮನೆ ಇವತ್ತು ಇಲ್ಲೇ ಹೋಗುತ್ತದೆ ಅಂತ ನನಗೆ ಗೊತ್ತಾಯಿತು. ಬಾಗಿಲ ಮರೆಯಿಂದ ಹೊರಗೆ ಬಂದೆ. ದೊಡ್ಡಮ್ಮನ ಭುಜದ ಮೇಲಿಂದ ಫೋಟೋ ನೋಡಿದೆ. ಸ್ಕ್ರೀನಿನಲ್ಲಿ ಕಂಡದ್ದೇ. ಆದರೆ ಅಲ್ಲಿ ಭಯದಲ್ಲಿ ಕಾಣದಿದ್ದದ್ದು ಈಗ ಕಂಡಿತು. ಮಾವನವರ ಜನಿವಾರ ಬಲ ಭುಜದಿಂದ ಇಳಿದಿತ್ತು.

ಈ ಹಜಾರದಲ್ಲಿ ಎರಡು ವರ್ಷ ಕಾರ್ಯಗಳನ್ನು ನೋಡಿದವಳಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ದೇವರ ಕೆಲಸಕ್ಕೆ, ಶುಭಕ್ಕೆ ಜನಿವಾರ ಎಡ ಭುಜದ ಮೇಲೆ. ಸತ್ತವರಿಗೆ ಪಿಂಡ ಹಾಕುವಾಗ ಮಾತ್ರ ಬಲಕ್ಕೆ ಬದಲಿಸಿಕೊಳ್ಳುತ್ತಾರೆ.

ಅಷ್ಟರಲ್ಲಿ ಹೆಲ್ಮೆಟ್‌ನವನು ನನ್ನನ್ನು ಗುರುತು ಹಿಡಿದ. ನಕ್ಕು ಕೇಳಿದ, ಮೇಡಂ ಕ್ವಾರ್ಟರ್ಸಿನಲ್ಲಿರುತ್ತಾರೆ ಅಂತ ಅಲ್ಲವಾ ಅವರು ಹೇಳಿದ್ದು?

ಕಾಕಾ ನನಗಾಗಿ ಹೇಳಿದ ಸುಳ್ಳು ಅಲ್ಲಿ ಬಯಲಾಯಿತು. ಇನ್ನು ನಾನು ಬಾಯಿ ತೆರೆದರೆ, ಆ ಫೋಟೋ ತಪ್ಪು ಅಂತ ತೋರಿಸಿದರೆ, ಎಲ್ಲವೂ ತಿರುಗಿ ಹೋಗಿ ನಿಲ್ಲುವುದು ಸೋನಾರ್‌ಪುರದ ಆ ಶಟರಿನ ಮುಂದೆ. ಇದು ನನಗೆ ಆಮೇಲೆ ಹೊಳೆದದ್ದಲ್ಲ. ಆ ಕ್ಷಣದಲ್ಲೇ ಗೊತ್ತಿತ್ತು. ದೊಡ್ಡಮ್ಮನ ಕನ್ನಡಕವನ್ನು ಕಪಾಟಿನಿಂದ ತೆಗೆದು ಅವರ ಕೈಗೆ ಕೊಟ್ಟೆ.

"ಜನಿವಾರ ನೋಡಿ ದೊಡ್ಡಮ್ಮ."

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ದನಿಯೇ ಬೇರೆಯಾಯಿತು.

"ಇದೇನ್ರಪ್ಪಾ. ಮಗೂನ ತೊಡೆ ಮೇಲೆ ಕೂರಿಸ್ಕೊಂಡು ನಮ್ಮ ಮಾವ ಪಿಂಡ ಹಾಕ್ತಿದ್ರಾ?"

ಪುರೋಹಿತರೊಬ್ಬರು ಫೋಟೋ ಇಸಿದುಕೊಂಡರು. ದತ್ತು ತಗೊಂಡ ದಿನವೇ ಹುಡುಗನ ತಿಥಿ ಮುಗಿಸಿಬಿಟ್ಟಿದ್ದಾರೆ ಅಂತ ಇನ್ನೊಬ್ಬರಿಗೆ ತೋರಿಸಿ ನಕ್ಕರು. ಬಿಳಿ ಅಂಗಿಯವರಿಗೆ ಮೊದಲು ಅರ್ಥವಾಗಲಿಲ್ಲ. ಹಿಂದಿಯಲ್ಲಿ ಬಿಡಿಸಿ ಹೇಳಿದ ಮೇಲೆ, ಪ್ರಿಂಟು ಉಲ್ಟಾ ಬಂದಿರಬೇಕು ಅಂದರು. ಹಾಗಾದರೆ ಪಕ್ಕದಲ್ಲಿ ಕೂತ ಪುರೋಹಿತನ ಜನಿವಾರ ಸರಿಯಾಗಿ ಎಡಕ್ಕೇ ಇದೆಯಲ್ಲ, ಒಂದೇ ಫೋಟೋದಲ್ಲಿ ಅರ್ಧ ಉಲ್ಟಾ ಅರ್ಧ ಸುಲ್ಟಾ ಹೇಗೆ ಬರುತ್ತದೆ ಅಂತ ಹಿರಿಯರು ಕೇಳಿದರು. ಬಿಳಿ ಅಂಗಿಯವರು ಫೋಟೋವನ್ನು ಫೈಲಿಗೆ ಸೇರಿಸಿ ಎದ್ದರು. ಹೆಲ್ಮೆಟ್‌ನವನು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನನ್ನು ನೋಡಿದ.

ಮೂರು ದಿನ ನಾನು ಸೋನಾರ್‌ಪುರದ ಕಡೆಗೆ ಕಾಲಿಡಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಫೋನ್ ಮಾಡಿದ್ದು ಎಚ್ಚರಿಸಲೋ, ನನ್ನ ಸಮಾಧಾನಕ್ಕೋ... ನಾಲ್ಕನೆಯ ದಿನ ಹೋದಾಗ ಶಟರಿಗೆ ಹೊಸ ಬೀಗ. ಎದುರಿನ ಚಹಾದವನು ಊರಿಗೆ ಹೋಗಿದ್ದಾರಂತೆ ಅಂದ. ಯಾವ ಊರು ಅಂದರೆ ಅವನಿಗೂ ಗೊತ್ತಿಲ್ಲ. ಅವರ ಊರು ಇದೇ ತಾನೆ? ಪಕ್ಕದ ಟೈಲರ್, ಬೈಕಿನ ಹಿಂದೆ ಕೂತು ಹೋದರು, ನಡುವೆ ಕೂತಿದ್ದರು ಅಂದ. ನಡುವೆ ಅಂದ ಮೇಲೆ ಹಿಂದೆ ಇನ್ನೊಬ್ಬನಿದ್ದ ಅಂತಾಯಿತು. ನಾನು ಹೆಚ್ಚು ಕೇಳತೊಡಗಿದಾಗ, ಸರಿಯಾಗಿ ನೋಡಲಿಲ್ಲ ಅಂದುಬಿಟ್ಟ.

ದೂರದ ಸಂಬಂಧಿಯೊಬ್ಬರು ಪೊಲೀಸ್ ದೂರು ಕೊಟ್ಟರು. ಏನೂ ತಿಳಿಯಲಿಲ್ಲ. ಕಟ್ಟಡದ ಮಾಲೀಕರು ಬೀಗ ಒಡೆಸಿದಾಗ ನಾನೂ ಹೋಗಿದ್ದೆ. ಸ್ಟೂಲಿತ್ತು, ಬಿಳಿ ಪರದೆಯಿತ್ತು, ಗಿರಾಕಿಗಳಿಗೆಂದು ತೂಗುಹಾಕಿದ್ದ ಕರಿ ಕೋಟಿತ್ತು. ಕಂಪ್ಯೂಟರ್ ಇರಲಿಲ್ಲ. ಪೇಪರಿನಲ್ಲಿ ಸುತ್ತಿದ ಮಾವನವರ ಫೋಟೋ ಇರಲಿಲ್ಲ. ದೊಡ್ಡಮ್ಮ ನನ್ನ ಹತ್ತಿರ ಒಂದೇ ಸಲ ಆ ಮಾತು ಎತ್ತಿದರು, ನಿನ್ನ ಕೈಲಿ ಕೊಡಬಾರದಿತ್ತು ಕಣೇ ಅಂತ. ಆಮೇಲೆ ಊಟಕ್ಕೆ ಕರೆದರು.

ಜನಿವಾರ ಬಲಕ್ಕೆ ಹೋದದ್ದು ತಪ್ಪೋ, ಬೇಕೆಂದು ಮಾಡಿದ್ದೋ? ಈ ಮೂರು ವರ್ಷ ಇದನ್ನೇ ತಿರುವಿ ಹಾಕಿದ್ದೇನೆ. ಕಾಕಾ ಲಿಂಗಾಯತರು, ಅವರ ಕೊರಳಲ್ಲಿದ್ದದ್ದು ಲಿಂಗದ ದಾರ. ಜನಿವಾರ ಅವರ ಮನೆಯ ವಸ್ತುವಲ್ಲ. ಬೆಳಕು ಹೊಂದಿಸಲು ಮಾವನವರನ್ನು ಮಗುಚಿರುತ್ತಾರೆ, ಭುಜದ ಕಡೆ ಗಮನ ಹೋಗಿರುವುದಿಲ್ಲ. ಹಾಗೇ ಇರಬಹುದು. ಆದರೆ ಮಗುಚಿದರೆ ಏನೇನು ಬದಲಾಗುತ್ತದೆ ಅಂತ ಮೂಗುಬೊಟ್ಟಿನ ಜಗಳದಲ್ಲಿ ಕಲಿತವರು ಅವರು. ಪಿಂಡದ ಕಾರ್ಯ ಮುಗಿಸಿ ಬಂದವರ ನಡುವೆಯೇ ಬದುಕು ಕಳೆದವರು. ಅವರಿಗೆ ಗೊತ್ತಿರಲಿಲ್ಲವೇ? ಎಂಟು ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದ್ದೇನೆ. ನನ್ನ ಭುಜಗಳು ಸಮವಾಗಿಯೇ ಇವೆ. ಮತ್ತೆ ಎಡ ಭುಜ ಅಂತ ಮೂರು ಸಲ ಯಾಕೆ ಹೇಳಿದರು? ಎಲ್ಲ ಫೋಟೋಗ್ರಾಫರುಗಳೂ ಹಾಗೇ ಹೇಳುತ್ತಾರೆ ಅಂತ ಕಚೇರಿಯಲ್ಲಿ ಒಬ್ಬರು ಅಂದರು. ಅದೂ ನಿಜ.

ಬೇಕೆಂದೇ ಮಾಡಿದ್ದಾದರೆ ಅವರು ನನ್ನನ್ನು ನಂಬಿ ಮಾಡಿದರು. ತಪ್ಪಾಗಿ ಆಗಿದ್ದಾದರೆ, ಅವರ ಒಂದು ಸಣ್ಣ ತಪ್ಪನ್ನು ನಾನು ಅವರನ್ನು ಹೆದರಿಸಿದವರ ಮುಂದೆಯೇ ಎತ್ತಿ ತೋರಿಸಿದೆ. ಎರಡರಲ್ಲಿ ಯಾವುದನ್ನು ಒಪ್ಪಿಕೊಂಡರೂ ನಿದ್ದೆ ಬರುವುದಿಲ್ಲ.

ಕಳೆದ ತಿಂಗಳು ದೊಡ್ಡಮ್ಮನಿಗೆ ನೋಟೀಸು ಬಂತು. ಬಿಳಿ ಅಂಗಿಯವರು ಕೋರ್ಟಿಗೆ ಹೋಗಿದ್ದಾರೆ. ಜೊತೆಗೆ ಅದೇ ಫೋಟೋದ ಪ್ರತಿ ಲಗತ್ತಿಸಿದ್ದಾರೆ. ಈ ಸಲ ಮಾವನವರ ಜನಿವಾರ ಎಡ ಭುಜದ ಮೇಲಿದೆ. ಅದೇ ಹುಡುಗ, ಅದೇ ಹೊಗೆ, ಅದೇ ಕಲೆ. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಹುಡುಗನ ಮೇಲೆ ಬೆಳಕು ಒಂದು ಕಡೆಯಿಂದ ಬೀಳುತ್ತಿದೆ, ಮಾವನವರ ಮೇಲೆ ಇನ್ನೊಂದು ಕಡೆಯಿಂದ. ಇದನ್ನು ಮಾಡಿದ್ದು ಕಾಕಾ ಅಲ್ಲ. ಹೊಡೆದು ಕೂರಿಸಿದ್ದರೂ ಅವರ ಕೈ ಇಂಥದನ್ನು ಹೊರಗೆ ಬಿಡುತ್ತಿರಲಿಲ್ಲ. ಮೊದಲು ಸಮಾಧಾನವಾಯಿತು. ಅವರೇ ಇದ್ದಿದ್ದರೆ ಈ ಕೆಲಸ ಇನ್ನೊಬ್ಬರ ಕೈಗೆ ಯಾಕೆ ಹೋಗುತ್ತಿತ್ತು ಅಂತ ಆಮೇಲೆ ಅನ್ನಿಸಿತು.

ಹಳೇ ಫೋಟೋ ನೋಡಿದ್ದ ಪುರೋಹಿತರಲ್ಲಿ ಒಬ್ಬರು ಈಗಿಲ್ಲ, ಇನ್ನೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಆ ಪದರಗಳನ್ನು ಒತ್ತಿ ನೋಡಿದವಳು ನಾನೊಬ್ಬಳೇ. ಮೊನ್ನೆ ದೊಡ್ಡಮ್ಮನ ವಕೀಲರ ಬಳಿ ಹೋಗಿ ನೋಡಿದ್ದನ್ನೆಲ್ಲ ಹೇಳಿದೆ. ಶಟರ್, ಸ್ಟಾಂಪ್ ಪೇಪರ್, ಖಾಲಿ ಮಡಿಲು, ಎಲ್ಲ. ವಕೀಲರು ಹಿಂದಿಯಲ್ಲಿ ಬರೆದುಕೊಳ್ಳುತ್ತ ಹೋದರು. ಕಾಕಾ ಅವರ ಪೂರ್ತಿ ಹೆಸರು ಬರೆಯುವಲ್ಲಿ ಪೆನ್ನು ನಿಲ್ಲಿಸಿ ತಲೆಯೆತ್ತಿದರು. ಹೆಸರಿನ ಹಿಂದೆ ಸ್ವರ್ಗೀಯ ಅಂತ ಹಾಕಬೇಕೋ ಬೇಡವೋ ಅಂತ ಕೇಳಿದರು.

ಸದ್ಯಕ್ಕೆ ಜಾಗ ಬಿಡಿ ಅಂದೆ. ವಕೀಲರು ಒಂದು ಪದದಷ್ಟು ಜಾಗ ಬಿಟ್ಟು ಮುಂದೆ ಬರೆದರು.